ಎರಡನೇ ಒಲೆ ಇಲ್ಲದ ಊರಲ್ಲಿ

1998ರ ಜನವರಿಯಲ್ಲಿ ಕೆನಡಾದ ಬೂಷೆರ್ವಿಲ್ ಎಂಬ ಪಟ್ಟಣದ ಡಾಂಬರು ರಸ್ತೆಯ ಮೇಲೆ ಒಂದು ರೈಲ್ವೆ ಎಂಜಿನ್ ನಡೆದುಹೋಯಿತು. ಅದು ಅಪಘಾತವಲ್ಲ. ಬೇಕೆಂದೇ ಅದನ್ನು ಹಳಿಯಿಂದಾಚೆ ತಂದು, ಸುಮಾರು ಮುನ್ನೂರು ಮೀಟರ್ ದೂರ ಪುರಸಭೆಯ ಕಟ್ಟಡದ ಕಡೆಗೆ ಓಡಿಸಿದ್ದರು. ಉಕ್ಕಿನ ಚಕ್ರಗಳು ರಸ್ತೆಯಲ್ಲಿ ಗೀರು ಕೊರೆದವು, ಯಾರೂ ಬೇಸರಪಟ್ಟುಕೊಳ್ಳಲಿಲ್ಲ. ಡೀಸೆಲ್ ರೈಲು ಎಂಜಿನ್ ತನ್ನ ಚಕ್ರವನ್ನು ನೇರವಾಗಿ ತಿರುಗಿಸುವುದಿಲ್ಲ. ಅದು ತಿರುಗಿಸುವುದು ಒಂದು ಜನರೇಟರನ್ನು. ಅಲ್ಲಿ ಹುಟ್ಟಿದ ವಿದ್ಯುತ್ತು ಚಕ್ರಗಳ ಮೋಟರಿಗೆ ಹೋಗುತ್ತದೆ. ಅಂದರೆ ಅದು ಗಾಲಿಯ ಮೇಲೆ ಕೂತ ಒಂದು ಪುಟ್ಟ ವಿದ್ಯುತ್ ಸ್ಥಾವರ. ಊರಿಗೂರೇ ಕತ್ತಲಲ್ಲಿದ್ದಾಗ ಪಟ್ಟಣದವರಿಗೆ ಅದು ಹೊಳೆಯಿತು, ತಂತಿ ಎಳೆದು ಕಟ್ಟಡಗಳಿಗೆ ಜೋಡಿಸಿಕೊಂಡರು.

ಇದು ನಡೆದದ್ದು ಕರೆಂಟಿಗೆ ಬಡತನವಿರುವ ನಾಡಿನಲ್ಲಲ್ಲ. ಕ್ವಿಬೆಕ್ ಪ್ರಾಂತ್ಯ ಜಗತ್ತಿನಲ್ಲೇ ಅತಿ ಹೆಚ್ಚು ಜಲವಿದ್ಯುತ್ ಉತ್ಪಾದಿಸುವ ಪ್ರದೇಶಗಳಲ್ಲಿ ಒಂದು. ಆ ವಾರ ಅದರ ಅಣೆಕಟ್ಟುಗಳಲ್ಲಿ ನೀರಿಗೇನೂ ಕೊರತೆಯಿರಲಿಲ್ಲ, ಟರ್ಬೈನುಗಳೂ ಸರಿಯಾಗಿದ್ದವು. ನಡುವಿನ ತಂತಿ ಮಾತ್ರ ನೆಲಕ್ಕೆ ಬಿದ್ದಿತ್ತು.

ಬೀಳಿಸಿದ್ದು ಹಿಮವಲ್ಲ, ಮಳೆ. ಹಿಮದ ನಾಡಿನವರು ಹಿಮಕ್ಕೆ ಹೆದರುವುದಿಲ್ಲ. ರಾತ್ರಿ ಒಂದಡಿ ಬಿದ್ದರೆ ಬೆಳಿಗ್ಗೆ ಸಲಿಕೆ ಹಿಡಿದು ಎತ್ತಿಹಾಕುತ್ತಾರೆ, ಗಾಡಿಗಳು ರಸ್ತೆ ಬಳಿಯುತ್ತವೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಅವರು ಹೆದರುವುದು ಹವಾಮಾನ ವರದಿಯಲ್ಲಿ ‘ಫ್ರೀಜಿಂಗ್ ರೇನ್’ ಎಂದು ಕೇಳಿದಾಗ. ಮೆಕ್ಸಿಕೊ ಕೊಲ್ಲಿಯ ಕಡೆಯಿಂದ ತೇವ ಹೊತ್ತ ಬೆಚ್ಚನೆಯ ಗಾಳಿ ಉತ್ತರಕ್ಕೆ ಬರುತ್ತದೆ. ಸೇಂಟ್ ಲಾರೆನ್ಸ್ ನದಿಯ ಕಣಿವೆಯಲ್ಲಿ ಆಗಲೇ ಧ್ರುವಪ್ರದೇಶದ ತಣ್ಣನೆಯ ಗಾಳಿ ಜಮಾಯಿಸಿ ಕೂತಿರುತ್ತದೆ. ಅದು ಭಾರ, ಜಾಗ ಬಿಡುವುದಿಲ್ಲ. ಬೆಚ್ಚನೆಯ ಗಾಳಿ ಅದರ ಮೇಲೇರಿ ಹೋಗುತ್ತದೆ. ಮೋಡದಿಂದ ಹೊರಟ ಹಿಮ ನಡುವಿನ ಬಿಸಿ ಪದರದಲ್ಲಿ ಕರಗಿ ಹನಿಯಾಗುತ್ತದೆ. ಕೆಳಗಿನ ತಣ್ಣನೆಯ ಪದರ ತೆಳುವಾದ್ದರಿಂದ ಮತ್ತೆ ಗಡ್ಡೆಯಾಗಲು ಸಮಯ ಸಿಗುವುದಿಲ್ಲ. ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದೂ ನೀರಾಗಿಯೇ ಇಳಿಯುವ ಈ ಹನಿ, ತಾಗಿದ ಕ್ಷಣ ಗಾಜಾಗುತ್ತದೆ. ಕೊಂಬೆ, ತಂತಿ, ಮೆಟ್ಟಿಲು, ಕಾರಿನ ಬಾಗಿಲು, ಏನು ಸಿಕ್ಕಿತೋ ಅದರ ಮೇಲೆ.

ಸಾಮಾನ್ಯವಾಗಿ ಇದು ಕೆಲವು ಗಂಟೆಗಳ ಕಾಟ. 1998ರ ಜನವರಿ 5ರಿಂದ ಅದು ಅಲೆ ಅಲೆಯಾಗಿ, ಐದಾರು ದಿನ ಬಿಟ್ಟುಬಿಟ್ಟು ಬಿತ್ತು. ಆಟವಾದಲ್ಲಿ 85 ಮಿಲಿಮೀಟರ್, ಮಾಂಟ್ರಿಯಲ್‌ನಲ್ಲಿ 100, ಕಾರ್ನ್‌ವಾಲ್‌ನಲ್ಲಿ 108. ಆಗುಂಬೆಯ ಮಳೆ ನೋಡಿದವರಿಗೆ ನಗು ಬರುವ ಅಂಕಿ. ಆದರೆ ಆಗುಂಬೆಯ ಮಳೆ ಹರಿದುಹೋಗುತ್ತದೆ, ಇದು ಬಿದ್ದಲ್ಲೇ ನಿಲ್ಲುತ್ತದೆ. ಮೂರು ಸೆಂಟಿಮೀಟರ್ ದಪ್ಪದ ತಂತಿಯ ಸುತ್ತ ನಾಲ್ಕು ಸೆಂಟಿಮೀಟರ್ ಗಡ್ಡೆ ಕಟ್ಟಿತೆಂದು ಲೆಕ್ಕ ಹಾಕಿ: ಒಂದು ಮೀಟರ್ ತಂತಿಗೆ ಹತ್ತಿರ ಹತ್ತಿರ ಎಂಟು ಕಿಲೊ. ಎರಡು ಗೋಪುರಗಳ ನಡುವೆ ನಾನೂರು ಮೀಟರ್ ಇದ್ದರೆ ಒಂದೊಂದು ತಂತಿಯೂ ಮೂರು ಟನ್ನಿಗೂ ಹೆಚ್ಚು ಗಡ್ಡೆ ಹೊತ್ತು ಜೋತಾಡುತ್ತಿರುತ್ತದೆ. ಒಂದು ಗೋಪುರ ಮುರಿದರೆ ಅದರ ತಂತಿ ಪಕ್ಕದ್ದನ್ನು ಎಳೆಯುತ್ತದೆ, ಅದು ಅದರ ಪಕ್ಕದ್ದನ್ನು. ಹಾಗೆ ಸಾಲುಸಾಲಾಗಿ ನೂರಾರು ಉಕ್ಕಿನ ಗೋಪುರಗಳು ಮೊಣಕಾಲೂರಿದವು, ಹತ್ತಾರು ಸಾವಿರ ಮರದ ಕಂಬಗಳು ಮುರಿದವು. ಜನವರಿ 9ರ ಹೊತ್ತಿಗೆ ಕ್ವಿಬೆಕ್ ಒಂದರಲ್ಲೇ ಸುಮಾರು 14 ಲಕ್ಷ ಕರೆಂಟ್ ಮೀಟರುಗಳು ನಿಂತಿದ್ದವು. ಒಂಟಾರಿಯೊ, ನ್ಯೂ ಬ್ರನ್ಸ್‌ವಿಕ್ ಸೇರಿಸಿದರೆ ಕತ್ತಲಲ್ಲಿದ್ದ ಜನ 40 ಲಕ್ಷ ಮೀರುತ್ತಾರೆ.

ಕತ್ತಲು ಅಂದೆ. ಅದು ನಮ್ಮ ಕಡೆಯ ಅಭ್ಯಾಸ. ಕರೆಂಟ್ ಹೋಯಿತೆಂದರೆ ನಮಗೆ ದೀಪ ಹೋಯಿತು, ಫ್ಯಾನ್ ನಿಂತಿತು, ಮೋಟರ್ ಓಡಲಿಲ್ಲ. ಅಲ್ಲಿ ಕತ್ತಲು ಕೊನೆಯ ಚಿಂತೆ. ಮಾಂಟ್ರಿಯಲ್‌ಗೆ ಬಂದ ಹೊಸತರಲ್ಲಿ ನನಗೆ ಬಾಡಿಗೆ ಮನೆಯ ಕಿಟಕಿಗಳ ಕೆಳಗೆ ಗೋಡೆಯುದ್ದಕ್ಕೂ ಇದ್ದ ತಗಡಿನ ಪಟ್ಟಿಗಳು ಏನೆಂದೇ ಗೊತ್ತಾಗಿರಲಿಲ್ಲ. ಅವು ಹೀಟರುಗಳು, ಶುದ್ಧ ವಿದ್ಯುತ್ತಿನವು. ಹೊರಗೆ ಮೈನಸ್ 20 ಇದ್ದಾಗ ಒಳಗೆ ಬನಿಯನ್ನಿನಲ್ಲಿ ಓಡಾಡುವ ಸುಖ ಕೊಡುವುದು ಆ ಪಟ್ಟಿಗಳೇ.

ಅವು ಅಲ್ಲಿಗೆ ಬಂದದ್ದಕ್ಕೆ ಒಂದು ರಾಜಕೀಯ ಚರಿತ್ರೆಯಿದೆ. 1962ರ ಚುನಾವಣೆಯಲ್ಲಿ ಜಾಂ ಲೆಸಾಜ್ ಸರ್ಕಾರ ‘ನಮ್ಮ ಮನೆಗೆ ನಾವೇ ಯಜಮಾನರು’ ಎಂಬ ಘೋಷಣೆಯೊಂದಿಗೆ ಮತ ಕೇಳಿತು. ಖಾಸಗಿ ವಿದ್ಯುತ್ ಕಂಪನಿಗಳನ್ನು ಕೊಂಡು ಸರ್ಕಾರಿ ಹೈಡ್ರೊ–ಕ್ವಿಬೆಕ್‌ಗೆ ಸೇರಿಸುವುದು ಅದರ ಮುಖ್ಯ ವಿಷಯ. ಹಿಂದೆ ನಿಂತವರು ಮಂತ್ರಿ ರೆನೆ ಲೆವೆಕ್. ಗೆದ್ದರು, ಕೊಂಡರು. 1965ರಲ್ಲಿ ಜಗತ್ತಿನ ಮೊದಲ 735 ಕಿಲೊವೋಲ್ಟ್ ಮಾರ್ಗ ಉತ್ತರದ ಕಾಡಿನಿಂದ ಮಾಂಟ್ರಿಯಲ್ ಕಡೆಗೆ ಬಂತು. 1971ರಲ್ಲಿ ಪ್ರಾಂತ್ಯದ ಪ್ರೀಮಿಯರ್ ರೊಬೆರ್ ಬೂರಾಸಾ ಜೇಮ್ಸ್ ಬೇ ಜಲವಿದ್ಯುತ್ ಯೋಜನೆ ಘೋಷಿಸಿದರು. ಅಲ್ಲಿನ ಮೂಲನಿವಾಸಿ ಕ್ರೀ ಜನ ಕೋರ್ಟಿಗೆ ಹೋದರು, 1975ರಲ್ಲಿ ಒಪ್ಪಂದವಾಯಿತು, ನೆಲ ಮುಳುಗಿತು. ಆ ಕಥೆ ಬೇರೆಯೇ ಒಂದು ಲೇಖನ ಕೇಳುತ್ತದೆ. ಅಷ್ಟರಲ್ಲಿ ತೈಲ ಬಿಕ್ಕಟ್ಟು ಬಂದು ಎಣ್ಣೆ ದುಬಾರಿಯಾಯಿತು, ಕರೆಂಟ್ ಅಗ್ಗವಾಗಿ ಹರಿಯಿತು. ಜನ ಎಣ್ಣೆಯ ಬಾಯ್ಲರ್ ಕಿತ್ತರು, ಚಿಮಣಿ ಮುಚ್ಚಿದರು, ಗೋಡೆಗೆ ತಗಡಿನ ಪಟ್ಟಿ ಜಡಿದರು. ಇವತ್ತು ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮನೆಗಳ ಶಾಖ ತಂತಿಯಲ್ಲಿ ಬರುತ್ತದೆ. 2023ರ ಫೆಬ್ರುವರಿ 3ರ ಕಡುಚಳಿಯಲ್ಲಿ ಪ್ರಾಂತ್ಯದ ಬೇಡಿಕೆ 43 ಸಾವಿರ ಮೆಗಾವಾಟ್ ದಾಟಿತು, ಜನಸಂಖ್ಯೆ ತೊಂಬತ್ತು ಲಕ್ಷದ ಆಸುಪಾಸು. ಏಳು ಕೋಟಿಗೆ ಹತ್ತಿರವಿರುವ ಕರ್ನಾಟಕ ಸುಡುಬೇಸಗೆಯಲ್ಲಿ ಪಂಪ್‌ಸೆಟ್ಟು, ಫ್ಯಾನು, ಕಾರ್ಖಾನೆ ಎಲ್ಲ ಸೇರಿ ಕೇಳುವುದು ಹದಿನೇಳು ಹದಿನೆಂಟು ಸಾವಿರ.

ಹೀಗಾಗಿ ಕರೆಂಟ್ ನಿಂತರೆ ಮನೆ ಮೊದಲು ತಣ್ಣಗಾಗುತ್ತದೆ. ಗೋಡೆಗಳಲ್ಲಿ ಹತ್ತಿಯಂಥ ನಿರೋಧಕ ತುಂಬಿರುವುದರಿಂದ ಮೊದಲ ಕೆಲವು ಗಂಟೆ ಏನೂ ಅನಿಸುವುದಿಲ್ಲ. ಸಂಜೆಗೆ ಸ್ವೆಟರ್, ರಾತ್ರಿಗೆ ಟೊಪ್ಪಿ, ಮರುದಿನ ಒಳಗೇ ಬಾಯಿಂದ ಹಬೆ. ಆಮೇಲೆ ಚಿಂತೆ ಮೈಯದಲ್ಲ, ಗೋಡೆಯೊಳಗಿನ ಪೈಪಿನದು. ನೀರು ಗಡ್ಡೆಯಾದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಪೈಪು ಸೀಳುತ್ತದೆ. ಸೀಳಿದ್ದು ಆಗ ಗೊತ್ತಾಗುವುದಿಲ್ಲ. ಶಾಖ ಮರಳಿ ಬಂದು ಗಡ್ಡೆ ಕರಗಿದ ದಿನ ಮಾಳಿಗೆಯಿಂದ ನೀರು ಸುರಿಯುತ್ತದೆ. ಅದಕ್ಕೇ ಅನುಭವಸ್ಥರು ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡುತ್ತಾರೆ, ಮನೆ ಬಿಟ್ಟು ಹೋಗುವುದಾದರೆ ಮುಖ್ಯ ವಾಲ್ವ್ ಮುಚ್ಚಿ ಪೈಪು ಬರಿದು ಮಾಡುತ್ತಾರೆ. ಉಳಿಯುವುದಾದರೆ ಒಂದೇ ಕೋಣೆ ಆರಿಸಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಹಾಸಿಗೆಗಳನ್ನೆಲ್ಲ ಅಲ್ಲಿಗೇ ತಂದು ಒಟ್ಟಿಗೆ ಮಲಗುತ್ತಾರೆ. ಕೋಣೆಗೊಬ್ಬರಂತೆ ಬದುಕುವ ದೇಶದಲ್ಲಿ ಇದೊಂದು ದೊಡ್ಡ ಕ್ರಾಂತಿಯೇ.

2023ರ ಏಪ್ರಿಲ್ 5ರಂದು ಮತ್ತೆ ಅದೇ ಮಳೆ ಬಿತ್ತು. ಈ ಸಲ ಹನ್ನೊಂದು ಲಕ್ಷ ಮೀಟರುಗಳು ನಿಂತವು. ನಾವಿರುವ ಪಿಯರ್‌ಫೊಂಡ್ಸ್ ಬಡಾವಣೆಯಲ್ಲಿ ಮರಗಳು ರಾತ್ರಿಯಿಡೀ ಮುರಿದವು. ಪಟಾಕಿಗೆ ಬೆಂಕಿ ಬಿದ್ದಂಥ ಸದ್ದು. ಮರುದಿನ ಕಾರಿನಲ್ಲಿ ಚಾರ್ಜ್ ಮಾಡಿಕೊಂಡ ಫೋನಿನಿಂದ ತೀರ್ಥಹಳ್ಳಿಯ ಹತ್ತಿರದ ನಮ್ಮೂರಿಗೆ ಮಾತಾಡಿದೆ.

“ಎರಡು ದಿನಕ್ಕೇ ಹಿಂಗಾಡ್ತೀಯಲ್ಲೋ ಮಾರಾಯ” ಎಂದರು ಅಮ್ಮ. “ಇಲ್ಲಿ ಆಷಾಢದಲ್ಲಿ ವಾರಗಟ್ಲೆ ಇರಲ್ಲ. ಒಲೆ ಹಚ್ಚಿ ಬೆಚ್ಚಗೆ ಕೂತ್ಕೊಳಿ.”

“ಒಲೆ ಇಲ್ಲಮ್ಮ.”

“ಅಡುಗೆ ಒಲೆ ಅಲ್ಲ ಕಣೋ, ಬಚ್ಚಲೊಲೆ ಥರದ್ದು ಯಾವುದಾದ್ರೂ.”

“ಎರಡೂ ಕರೆಂಟಿಂದೇ. ಚಿಮಣೀನೇ ಇಲ್ಲ.”

ಆ ಕಡೆ ಒಂದು ಕ್ಷಣ ಮೌನ. “ಒಲೆ ಇಲ್ಲದ ಮನೆ ನೋಡಿ ನೋಡಿ ಹೆಂಗೆ ತಗೊಂಡ್ಯೋ?”

ಕ್ವಿಬೆಕ್‌ನ ವಿದ್ಯುತ್ ನೀತಿಯ ಬಗ್ಗೆ ನಾನು ಓದಿದ ಯಾವ ವರದಿಯೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಮಲೆನಾಡಿನ ಮನೆಗೆ ಕರೆಂಟ್ ಬಂದು ದಶಕಗಳಾದರೂ ಅದನ್ನು ಯಾರೂ ಪೂರ್ತಿ ನಂಬಿಲ್ಲ. ಗ್ಯಾಸಿದೆ, ಸೌದೆಯಿದೆ, ಬುಡ್ಡಿಯಿದೆ, ಬಾವಿಗೆ ಹಗ್ಗವಿದೆ. ಕೈಕೊಡುವ ಕರೆಂಟು ಜನರನ್ನು ಎಚ್ಚರದಲ್ಲಿಟ್ಟಿದೆ. ಕೈಕೊಡದ ಕರೆಂಟು ಕ್ವಿಬೆಕ್‌ನವರ ಚಿಮಣಿ ಮುಚ್ಚಿಸಿತು. ಹೈಡ್ರೊ–ಕ್ವಿಬೆಕ್‌ನ ದಕ್ಷತೆಯೇ ಇಲ್ಲಿ ಅಪಾಯ ತಂದಿತು ಎಂದರೆ ಅತಿಯಾಗಲಿಕ್ಕಿಲ್ಲ. 1989ರ ಮಾರ್ಚ್ 13ರಂದು ಸೂರ್ಯನಿಂದೆದ್ದ ಕಾಂತೀಯ ಬಿರುಗಾಳಿಗೆ ಇಡೀ ಜಾಲ ಒಂದೂವರೆ ನಿಮಿಷದಲ್ಲಿ ಕುಸಿದಿತ್ತು. ಒಂಬತ್ತು ಗಂಟೆಯಲ್ಲಿ ಬಹುತೇಕ ಸರಿಹೋಯಿತು. ಜನಕ್ಕೆ ನೆನಪಿದ್ದದ್ದು ಕುಸಿದದ್ದಲ್ಲ, ಬೇಗ ಬಂದದ್ದು.

1998ರಲ್ಲಿ ಬೇಗ ಬರಲಿಲ್ಲ. ಮಾಂಟ್ರಿಯಲ್‌ನ ದಕ್ಷಿಣಕ್ಕೆ ಸ್ಯಾಂತ್-ಯಾಸಾಂತ್, ಗ್ರಾನ್‌ಬಿ, ಸ್ಯಾಂ-ಜಾಂ-ಸುರ್-ರಿಶಲ್ಯೂ ಊರುಗಳನ್ನು ಗೆರೆ ಎಳೆದು ಕೂಡಿಸಿದರೆ ಸಿಗುವ ಪ್ರದೇಶಕ್ಕೆ ‘ಕಪ್ಪು ತ್ರಿಕೋನ’ ಎಂದೇ ಹೆಸರು ಬಿತ್ತು. ಅಲ್ಲಿನ ಕಡೆಯ ಮನೆಗಳಿಗೆ ಕರೆಂಟ್ ಬಂದದ್ದು ಫೆಬ್ರುವರಿಯಲ್ಲಿ. ಮಳೆ ನಿಂತ ಮೇಲೆ ಚಳಿ ಕಚ್ಚಿತು. ಶಾಲೆಗಳು ಗಂಜಿಕೇಂದ್ರಗಳಾದವು. ಸೇನೆಯ ಸುಮಾರು 16 ಸಾವಿರ ಮಂದಿ ಬಂದರು, ಕೊರಿಯಾ ಯುದ್ಧದ ನಂತರ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಕೆನಡಾ ತನ್ನ ಸೈನಿಕರನ್ನು ಇಳಿಸಿರಲಿಲ್ಲ. ಅವರ ಕೆಲಸ ಕೊಂಬೆ ಕಡಿಯುವುದು, ಕಂಬ ಹೊರುವುದು, ಮನೆಮನೆಯ ಬಾಗಿಲು ಬಡಿದು “ಬದುಕಿದ್ದೀರಾ, ಬನ್ನಿ” ಎನ್ನುವುದು. ಮುದುಕರು ಬರಲೊಪ್ಪುತ್ತಿರಲಿಲ್ಲ. ಬೆಕ್ಕನ್ನು ಬಿಟ್ಟು ಬರಲಾರೆ, ಕಳ್ಳರು ಬಂದರೆ, ನಾಳೆ ಕರೆಂಟ್ ಬರುತ್ತದಂತೆ. ಹೀಗೆ ಒಬ್ಬೊಬ್ಬರದೂ ಒಂದೊಂದು ಕಾರಣ.

ಸತ್ತವರು ಮೂವತ್ತರ ಆಸುಪಾಸು. ಎಲ್ಲರನ್ನೂ ಕೊಂದದ್ದು ಚಳಿಯಲ್ಲ. ಕೆಲವರು ಮೇಣದಬತ್ತಿಯಿಂದ ಹೊತ್ತಿದ ಬೆಂಕಿಗೆ, ಇನ್ನು ಕೆಲವರು ಬೆಚ್ಚಗಾಗಲು ಮಾಡಿಕೊಂಡ ಉಪಾಯಕ್ಕೇ ಬಲಿಯಾದರು. ನೆಲಮಾಳಿಗೆಯಲ್ಲಿ ಜನರೇಟರ್ ಓಡಿಸುವುದು, ಇದ್ದಿಲಿನ ಬಾರ್ಬೆಕ್ಯೂವನ್ನು ಅಡುಗೆಮನೆಗೆ ತರುವುದು, ಗ್ಯಾರೇಜಿನಲ್ಲಿ ಕಾರು ಚಾಲೂ ಇಡುವುದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಓಕರಿಕೆ, ಆಮೇಲೆ ನಿದ್ದೆ. ಹೆಂಚಿನ ಸಂದಿಯಿಂದ ಹೊಗೆ ಹೋಗುವ ಮನೆಯಲ್ಲಿ ಕೆಂಡದ ಪಕ್ಕ ಮಲಗಿ ಬೆಳೆದವರಿಗೆ ಇದು ಅರ್ಥವಾಗುವುದು ಕಷ್ಟ. ಶಾಖ ಸೋರದಂತೆ ಮುಚ್ಚಿದ ಗೋಡೆ ವಿಷವನ್ನೂ ಸೋರಲು ಬಿಡುವುದಿಲ್ಲ. 2023ರಲ್ಲೂ ಇದೇ ಆಯಿತು: ಗ್ಯಾರೇಜಿನಲ್ಲಿ ಜನರೇಟರ್ ಇಟ್ಟ ಒಬ್ಬರು ಸತ್ತರು, ಹತ್ತಾರು ಜನ ಆಸ್ಪತ್ರೆ ಸೇರಿದರು. ಈ ಅನಿಲವನ್ನು ಪತ್ತೆಹಚ್ಚುವ, ಬ್ಯಾಟರಿಯಲ್ಲಿ ಓಡುವ ಅಲಾರಂ ಒಂದನ್ನು ಗೋಡೆಗೆ ಸಿಕ್ಕಿಸಿದ್ದರೆ ಸಾಕಿತ್ತು. ಹೊಸದಾಗಿ ವಲಸೆ ಬರುವ ಕನ್ನಡದ ಹುಡುಗರಿಗೆ ಜಾಕೆಟ್ಟು, ಬೂಟಿನ ಬಗ್ಗೆ ಹೇಳುವವರು ನೂರು ಜನ, ಇದನ್ನು ಯಾರೂ ಹೇಳುವುದಿಲ್ಲ.

ನಮ್ಮ ಪಕ್ಕದ ಮನೆಯ ಎಂಬತ್ತರ ಹತ್ತಿರದ ಮದಾಂ ಆ ಕಪ್ಪು ತ್ರಿಕೋನದವರು. ಆಗ ಗ್ರಾನ್‌ಬಿಯ ಹತ್ತಿರ ಅವರ ಗಂಡನ ಕಡೆಯವರದು ಹಸುಗಳ ಫಾರ್ಮ್. ಅವರ ಬಾಯಲ್ಲಿ ಕೇಳಿದರೆ ಆ ಜನವರಿಯೆಂದರೆ ಹಸುವಿನ ಕೆಚ್ಚಲು. ಹತ್ತಾರು ಹಸುಗಳ ಕೊಟ್ಟಿಗೆಯಲ್ಲಿ ಹಾಲು ಕರೆಯುವುದು ಯಂತ್ರ, ನೀರು ಕುಡಿಸುವುದು ಪಂಪು, ಗಾಳಿಯಾಡಿಸುವುದು ಫ್ಯಾನು. ಕರೆಯದೆ ಬಿಟ್ಟರೆ ಕೆಚ್ಚಲು ಬಾವು. ಕೈಯಲ್ಲಿ ಕರೆಯೋಣವೆಂದರೆ ಅಷ್ಟು ಹಸುಗಳಿಗೆ ಅಷ್ಟು ಕೈಗಳೆಲ್ಲಿ? ಹೊಸ ತಲೆಮಾರಿಗೆ ಕರೆಯಲೂ ಬಾರದು. ಟ್ರ್ಯಾಕ್ಟರಿಗೆ ಜೋಡಿಸುವ ಒಂದು ಜನರೇಟರ್ ಹಲವು ಫಾರ್ಮುಗಳನ್ನು ಸುತ್ತುತ್ತಿತ್ತು. “ನಮ್ಮ ಪಾಳಿ ರಾತ್ರಿ ಎರಡಕ್ಕೆ” ಎನ್ನುತ್ತಾರೆ ಮದಾಂ. “ಹಸುಗಳಿಗೆ ಗಡಿಯಾರ ಗೊತ್ತು. ಅವು ಸಂಜೆಯಿಂದಲೇ ಕೂಗುತ್ತಿದ್ದವು.” ಹಾಗೆ ಕರೆದ ಹಾಲನ್ನೂ ಚೆಲ್ಲಬೇಕಾಯಿತು, ಡೇರಿಗಳೂ ಮುಚ್ಚಿದ್ದವು, ಲಾರಿಗಳಿಗೂ ಬರಲಾಗುತ್ತಿರಲಿಲ್ಲ. ಮೇಪಲ್ ತೋಟದವರ ಗೋಳು ಬೇರೆ. ಸಿರಪ್ ಇಳಿಸುವ ಮರ ತಯಾರಾಗಲು ನಲವತ್ತು ವರ್ಷ ಬೇಕು. ತುದಿ ಮುರಿದು ಬಿದ್ದದ್ದು ಒಂದು ವಾರದಲ್ಲಿ.

ಮಾಂಟ್ರಿಯಲ್ ಮಹಾನಗರ ಎಷ್ಟು ಹತ್ತಿರದಿಂದ ತಪ್ಪಿಸಿಕೊಂಡಿತು ಎಂಬುದು ಆಮೇಲೆ ಗೊತ್ತಾದ ವಿಷಯ. ಜನವರಿ 9ರ ಶುಕ್ರವಾರ ನಗರಕ್ಕೆ ಬರುವ ದೊಡ್ಡ ಮಾರ್ಗಗಳು ಒಂದೊಂದಾಗಿ ಕೈಕೊಟ್ಟು, ನೀರು ಶುದ್ಧೀಕರಿಸುವ ಸ್ಥಾವರಗಳಿಗೂ ಕರೆಂಟ್ ಹೋಯಿತು. ಟ್ಯಾಂಕುಗಳಲ್ಲಿ ಉಳಿದದ್ದು ಕೆಲವೇ ಗಂಟೆಗಳ ನೀರು. ನೀರಿಲ್ಲವೆಂದರೆ ಬೆಂಕಿ ಆರಿಸಲೂ ನೀರಿಲ್ಲ, ಮನೆಮನೆಯಲ್ಲಿ ಮೇಣದಬತ್ತಿ ಉರಿಯುತ್ತಿದೆ. ಪ್ರೀಮಿಯರ್ ಲೂಸಿಯೆನ್ ಬೂಶಾರ್ ಮತ್ತು ಹೈಡ್ರೊ–ಕ್ವಿಬೆಕ್ ಮುಖ್ಯಸ್ಥ ಆಂದ್ರೆ ಕೈಯೆ ದಿನವೂ ಒಟ್ಟಿಗೆ ಕೂತು ಪತ್ರಕರ್ತರಿಗೆ ಲೆಕ್ಕ ಒಪ್ಪಿಸುತ್ತಿದ್ದರು, ಆದರೆ ಈ ಭಾಗವನ್ನು ಒಡೆದು ಹೇಳಲಿಲ್ಲ. ಗಾಬರಿ ತಪ್ಪಿಸಿದರು ಎನ್ನುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಬಾತ್‌ಟಬ್ ತುಂಬಿಸಿಟ್ಟುಕೊಳ್ಳಿ ಎಂದಾದರೂ ಹೇಳಬಹುದಿತ್ತು. ಜನಕ್ಕೆ ಮಾತ್ರ ಇವತ್ತಿಗೂ ನೆನಪಿರುವುದು ಕೈಯೆ ತೊಡುತ್ತಿದ್ದ ಬಿಳಿ ಟರ್ಟಲ್‌ನೆಕ್ ಸ್ವೆಟರ್. ಕೋಟು–ಟೈ ಇಲ್ಲದ ದೊಡ್ಡ ಸಾಹೇಬನನ್ನು ಕಂಡು, ಇವರ ಮನೆಯಲ್ಲೂ ಚಳಿಯಿರಬೇಕು ಎಂದುಕೊಂಡರೇನೋ.

ತಂತಿ ಜೋಡಿಸಿದರೆ ಕೆಲಸ ಮುಗಿಯಿತು ಎಂದು ನಾನೂ ಭಾವಿಸಿದ್ದೆ. ಲೈನ್‌ಮನ್ನುಗಳ ನಿಜವಾದ ತಲೆನೋವು ಸ್ವಿಚ್ ಹಾಕುವ ಹೊತ್ತಿಗೆ ಶುರುವಾಗುತ್ತದೆ. ಮಾಮೂಲಿ ದಿನ ಒಂದು ಬೀದಿಯ ಹೀಟರುಗಳೆಲ್ಲ ಒಟ್ಟಿಗೆ ಉರಿಯುವುದಿಲ್ಲ, ಒಂದು ಆರಿದಾಗ ಇನ್ನೊಂದು ಹೊತ್ತಿಕೊಳ್ಳುತ್ತದೆ. ಮನೆಗಳು ತಣ್ಣಗಾದ ಮೇಲೆ ಪ್ರತಿಯೊಂದು ಹೀಟರ್, ಪ್ರತಿಯೊಂದು ನೀರಿನ ಗೀಸರ್, ಪ್ರತಿಯೊಂದು ಫ್ರಿಜ್ಜೂ ಒಂದೇ ಕ್ಷಣಕ್ಕೆ ಬಾಯಿ ತೆರೆಯುತ್ತವೆ. ಆ ಹೊರೆಗೆ ರಿಪೇರಿಯಾದ ಲೈನು ಮತ್ತೆ ಟ್ರಿಪ್ ಆಗುತ್ತದೆ. ಅದಕ್ಕೇ ಬೀದಿಬೀದಿಯಾಗಿ, ತುಂಡುತುಂಡಾಗಿ ಕರೆಂಟ್ ಬಿಡುತ್ತಾರೆ, ಥರ್ಮೋಸ್ಟಾಟ್‌ಗಳನ್ನು ತಗ್ಗಿಸಿ, ಒಂದೇ ಬಲ್ಬ್ ಹಾಕಿಡಿ ಎಂದು ಬೇಡಿಕೊಳ್ಳುತ್ತಾರೆ. ಎದುರು ಸಾಲಿಗೆ ಬಂತು ನಮಗಿಲ್ಲ ಎಂದು ಕಿಟಕಿಯಲ್ಲಿ ನಿಂತು ಹಲ್ಲು ಕಡಿಯುವವರಿಗೆ ಇದು ಗೊತ್ತಿರುವುದಿಲ್ಲ. ಗೊತ್ತಿದ್ದರೂ ಹಲ್ಲು ಕಡಿಯುತ್ತೇವೆ.

ಆಮೇಲೆ ಹೈಡ್ರೊ–ಕ್ವಿಬೆಕ್ ಸುಮ್ಮನೆ ಕೂರಲಿಲ್ಲ. ಒಂದು ಬಿದ್ದರೆ ಸಾಲೆಲ್ಲ ಬೀಳದಂತೆ ನಡುನಡುವೆ ಗಟ್ಟಿ ಗೋಪುರಗಳನ್ನು ನಿಲ್ಲಿಸಿತು. ಒಂದು ದಾರಿ ಮುಚ್ಚಿದರೆ ಇನ್ನೊಂದು ಕಡೆಯಿಂದ ಬರುವಂತೆ ಮಾರ್ಗಗಳನ್ನು ಬಳಸಿ ಜೋಡಿಸಿತು. ಲೆವಿ ಸಬ್‌ಸ್ಟೇಷನ್ನಿನಲ್ಲಿ ಒಂದು ಯಂತ್ರ ಕೂರಿಸಿದೆ: ಬಿರುಗಾಳಿಯ ಹೊತ್ತಿನಲ್ಲಿ ತಂತಿಯ ಮೂಲಕ ಭಾರೀ ಪ್ರಮಾಣದ ನೇರ ವಿದ್ಯುತ್ ಹರಿಸಿ, ತಂತಿಯನ್ನೇ ಬಿಸಿ ಮಾಡಿ ಗಡ್ಡೆ ಉದುರಿಸುವುದು ಅದರ ಕೆಲಸ. 2023ರಲ್ಲಿ ದೊಡ್ಡ ಗೋಪುರಗಳು ಬೀಳದೆ ನಿಂತವು. ಬಿದ್ದದ್ದು ಬೀದಿಯ ಮರದ ಕೊಂಬೆಗಳು, ಅವು ಎಳೆದುಕೊಂಡು ಬಂದ ಮನೆಯ ತಂತಿಗಳು. ಮರ ಕಡಿಯಬೇಡಿ ಎಂದು ಅರ್ಜಿ ಹಾಕಿದವರೂ ತಂತಿ ಏಕೆ ಹರಿಯಿತು ಎಂದು ಕೇಳಿದವರೂ ಒಂದೇ ಬೀದಿಯವರು.

ಗ್ಯಾಸ್ ಇದ್ದರೆ ಬಚಾವ್ ಎಂದುಕೊಳ್ಳುವ ಹಾಗೂ ಇಲ್ಲ. 2013ರ ಕ್ರಿಸ್‌ಮಸ್‌ಗೆ ಮುನ್ನ ಟೊರಾಂಟೊದಲ್ಲಿ ಇದೇ ಗಾಜಿನ ಮಳೆಗೆ ಮೂರು ಲಕ್ಷ ಮೀಟರುಗಳು ನಿಂತವು. ಅಲ್ಲಿ ಮನೆ ಕಾಯಿಸುವುದು ಹೆಚ್ಚಾಗಿ ನೈಸರ್ಗಿಕ ಅನಿಲ. ಆದರೆ ಬಿಸಿಗಾಳಿ ಊದುವ ಫ್ಯಾನಿಗೆ, ಥರ್ಮೋಸ್ಟಾಟಿಗೆ ಕರೆಂಟೇ ಬೇಕು. ಪೈಪಿನಲ್ಲಿ ಅನಿಲವಿತ್ತು, ಕೋಣೆಯಲ್ಲಿ ಚಳಿಯಿತ್ತು.

ದೇಹದೊಳಗೆ ಉಳಿದ ಲೆಕ್ಕವೂ ಒಂದಿದೆ. 1998ರ ಜೂನ್‌ನಲ್ಲಿ ಮಾಂಟ್ರಿಯಲ್‌ನ ಸಂಶೋಧಕಿ ಸುಸಾನ್ ಕಿಂಗ್ ಆ ಬಿರುಗಾಳಿಯ ಹೊತ್ತಿಗೆ ಗರ್ಭಿಣಿಯರಾಗಿದ್ದವರನ್ನು, ಆ ಆಸುಪಾಸಿನಲ್ಲೇ ಗರ್ಭ ಧರಿಸಿದವರನ್ನು ಹುಡುಕಿ ಅಧ್ಯಯನ ಶುರುಮಾಡಿದರು. ಮಕ್ಕಳು ಹುಟ್ಟಿ ಹದಿಹರೆಯ ದಾಟುವವರೆಗೂ ಬೆನ್ನುಹತ್ತಿದರು. ತಾಯಿ ಎಷ್ಟು ಹೆದರಿದ್ದಳು ಎನ್ನುವುದಕ್ಕಿಂತ ಎಷ್ಟು ದಿನ ಕರೆಂಟಿಲ್ಲದೆ ಕಳೆದಳು, ಎಷ್ಟು ಸಲ ಮನೆ ಬದಲಿಸಿದಳು ಎಂಬ ನೇರ ಕಷ್ಟದ ಗುರುತುಗಳು ಮಕ್ಕಳ ಡಿಎನ್‌ಎಯ ರಾಸಾಯನಿಕ ಹೊದಿಕೆಯಲ್ಲಿ ಹದಿಮೂರನೇ ವಯಸ್ಸಿನಲ್ಲೂ ಕಂಡವು. ಧೈರ್ಯವಂತೆಯಾಗಿದ್ದರೂ ಚಳಿ ಚಳಿಯೇ.

ಹಾಗಾದರೆ ಎರಡನೇ ಒಲೆ ಇಟ್ಟುಕೊಂಡರಾಯಿತಲ್ಲ? ಅಲ್ಲೊಂದು ತೊಡಕಿದೆ. ಸೌದೆಯ ಹೊಗೆ ಮಾಂಟ್ರಿಯಲ್‌ನ ಚಳಿಗಾಲದ ಗಾಳಿಯನ್ನು ಕೆಡಿಸುವ ದೊಡ್ಡ ಕಾರಣಗಳಲ್ಲಿ ಒಂದು. 2018ರ ಅಕ್ಟೋಬರ್ 1ರಿಂದ ನಗರದಲ್ಲಿ ಗಂಟೆಗೆ 2.5 ಗ್ರಾಂಗಿಂತ ಹೆಚ್ಚು ಕಣ ಉಗುಳುವ ಒಲೆ ಹಚ್ಚುವಂತಿಲ್ಲ. ಆದರೆ ಕಾನೂನು ಬರೆದವರಿಗೆ 1998 ಮರೆತಿರಲಿಲ್ಲ. ಮೂರು ಗಂಟೆಗೂ ಹೆಚ್ಚು ಹೊತ್ತು ಕರೆಂಟ್ ಹೋದರೆ ಯಾವ ಒಲೆಯನ್ನಾದರೂ ಹಚ್ಚಬಹುದು ಎಂಬ ವಿನಾಯಿತಿ ಇಟ್ಟಿದ್ದಾರೆ. ನನಗೆ ಇದು ಜಾಣ ಕಾನೂನು ಅನಿಸುತ್ತದೆ. ವರ್ಷವಿಡೀ ಸುಮ್ಮನಿರುವ ಒಲೆಗಾಗಿ ಚಿಮಣಿ ಗುಡಿಸುತ್ತ ಕೂರುವವರು ಎಷ್ಟು ಜನ ಎಂಬುದು ಬೇರೆ ಪ್ರಶ್ನೆ. ನಮ್ಮ ಬೀದಿಯಲ್ಲಿ ಅಂಥವರು ಮದಾಂ ಒಬ್ಬರೇ.

2023ರ ಆ ಏಪ್ರಿಲ್‌ನಲ್ಲಿ ಅವರೇ ಬಂದು ಕರೆದರು. ಅವರ ಒಲೆಯ ಮೇಲೆ ನಮ್ಮ ಅನ್ನ ಬೆಂದಿತು, ತೊಗರಿಬೇಳೆ ಬೇಯಲು ಅರ್ಧ ದಿನ ತೆಗೆದುಕೊಂಡಿತು, ಸಾರು ಅವರಿಗೆ ಖಾರವಾಯಿತು. ಹೊರಗೆ ಸೊನ್ನೆಯ ಮೇಲಿತ್ತಾದ್ದರಿಂದ ಪೈಪು ಸೀಳುವ ಭಯವೂ ಇರಲಿಲ್ಲ. “ಇದು ಜನವರಿಯಲ್ಲ, ನಿಮ್ಮ ಪುಣ್ಯ” ಎಂದು ಮಾತ್ರ ಮತ್ತೆ ಮತ್ತೆ ಹೇಳಿದರು. ಅದಾದ ಮೇಲೆ ಸೌದೆಯ ಖರ್ಚಿನಲ್ಲಿ ಪಾಲು ಕೊಡುತ್ತೇನೆಂದು ನಾನೇ ಒಪ್ಪಿಕೊಂಡೆ. ಇಲ್ಲಿ ಸೌದೆ ಅಳೆಯುವುದು ‘ಕೋರ್ಡ್’ ಲೆಕ್ಕದಲ್ಲಿ, ಎಂಟಡಿ ಉದ್ದ, ನಾಲ್ಕಡಿ ಎತ್ತರ, ಒಂದು ಸೀಳಿನಷ್ಟು ಅಗಲ. ಪ್ರತಿ ಸೆಪ್ಟೆಂಬರ್‌ನಲ್ಲಿ ಅದರ ಬಗ್ಗೆ ಬೇಲಿಯ ಆಚೀಚೆ ನಿಂತು ಚೌಕಾಸಿ ನಡೆಯುತ್ತದೆ. ಬರ್ಚ್ ಅಗ್ಗ ಎಂದು ನಾನು, ಬರ್ಚ್ ಬೇಗ ಉರಿದುಹೋಗುತ್ತದೆ, ಮೇಪಲ್ಲೇ ಬೇಕು ಎಂದು ಅವರು. ಈ ವರ್ಷ ಅರ್ಧ ಅದು, ಅರ್ಧ ಇದು ಎಂದು ತೀರ್ಮಾನವಾಗಿತ್ತು. ಲಾರಿ ಬಂದಾಗ ನೋಡಿದರೆ ಪೂರ್ತಿ ಮೇಪಲ್. ಕೇಳಿದ್ದಕ್ಕೆ, ವ್ಯಾಪಾರಿಯ ಹತ್ತಿರ ಬರ್ಚ್ ಮುಗಿದಿತ್ತಂತೆ ಎಂದರು ಮದಾಂ.